ಮೈಸಮ್ಮನ ಹೆಚ್ಚುವರಿ ಟೀ-ಸೆಲ್‌ಗಳು

ಜಹೀರಾಬಾದಿನ ಟೀ-ಸೆಲ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮೊದಲನೇ ಮಹಡಿಯ ಮೇಲಿದೆ. ಮಂಜೂರಾದ ಬಲ ಹನ್ನೊಂದು, ಫ್ಯಾನು ಎರಡು. ಮೆಮರಿ ಸೆಲ್ ನಾರಾಯಣಖೇಡದಲ್ಲಿದೆ, ಬಿ-ಸೆಲ್ ತಾಂಡೂರಿನಲ್ಲಿದೆ. ಈ ಮೂರೂ ಸೇರಿ ಈ ಭಾಗದ ಜನರನ್ನು ಎಚ್‌ಐವಿ ಎಂಬ ವೈರಸ್ಸಿನಿಂದ ಕಾಪಾಡುತ್ತಿವೆ ಎಂದು ದಾಖಲೆಯಲ್ಲಿದೆ, ಮತ್ತು ಆ ದಾಖಲೆಯ ಬಗ್ಗೆ ಈವರೆಗೆ ಯಾರೂ ತಕರಾರು ಎತ್ತಿಲ್ಲ.

ನಾನು ಸಂಜೀವ, ಸದರಿ ಟೀ-ಸೆಲ್‌ನ ಅಧೀಕ್ಷಕ. ಅದಕ್ಕೂ ಮೊದಲು ಗಡಿ ವಲಯ ಆರೋಗ್ಯ ಸಂಯೋಜನಾ ಉಪಕಚೇರಿಯಲ್ಲಿ ಹಿರಿಯ ಗುಮಾಸ್ತನಾಗಿದ್ದೆ. ಅಸಲು ಕಾಗದಗಳು ತೆಲುಗು, ಇಂಗ್ಲಿಷಿನಲ್ಲಿವೆ. ನಾನು ನಾರಾಯಣಖೇಡದ ಕಡೆಯ ಕನ್ನಡ ಶಾಲೆಯಲ್ಲಿ ಕಲಿತವನಾದ್ದರಿಂದ ಈ ವರದಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕರಡುಗಳಲ್ಲಿ ತಪ್ಪು ಹುಡುಕುವವರು ಮೂವತ್ತು ವರ್ಷಗಳಿಂದ ಹುಡುಕುತ್ತಲೇ ಇದ್ದಾರೆ. ಹುಡುಕಲಿ ಪಾಪ.

2011ರ ಜನವರಿಯಲ್ಲಿ ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯಿಂದ ಮೂರು ಪುಟದ ಪತ್ರ ಬಂತು. ವಿಷಯ: ಎಚ್‌ಐವಿ ಲಸಿಕೆಗೆ ಹೊಸ ವಿಧಾನಗಳು. ಬೇರೆ ರೋಗಗಳಿಗೆ ಸತ್ತ ರೋಗಾಣುವನ್ನು ದೇಹಕ್ಕೆ ಒಮ್ಮೆ ತೋರಿಸಿದರೆ ಸಾಕಾಗುತ್ತಿತ್ತಂತೆ. ಈ ವೈರಸ್ ಅಂಥ ಸಂಭಾವಿತ ಅಲ್ಲ, ತನ್ನ ಮೇಲಿನ ಲಕೋಟೆಯನ್ನು ಬದಲಿಸುತ್ತಲೇ ಇರುತ್ತದೆ. ಆದ್ದರಿಂದ ಒಂದಾದ ಮೇಲೊಂದು ಬೇರೆ ಬೇರೆ ಚುಚ್ಚುಮದ್ದು ಕೊಟ್ಟು, ವೈರಸ್ಸಿನ ಬದಲಾಗದ ಜಾಗವನ್ನೇ ಹಿಡಿಯುವಂತೆ ಬಿ-ಸೆಲ್‌ಗಳಿಗೆ ಹಂತಹಂತವಾಗಿ ಕಲಿಸಬೇಕು. ಹೆಲ್ಪರ್ ಟೀ-ಸೆಲ್‌ಗಳು ಅವಕ್ಕೆ ನೆರವಾಗಬೇಕು. ಕಿಲ್ಲರ್ ಟೀ-ಸೆಲ್‌ಗಳು ವೈರಸ್ ಹೊಕ್ಕ ಜಾಗವನ್ನು ನಾಶ ಮಾಡಬೇಕು. ಮೆಮರಿ ಸೆಲ್‌ಗಳು ಇದನ್ನೆಲ್ಲ ವರ್ಷಗಟ್ಟಲೆ ನೆನಪಿಡಬೇಕು. ಇದೆಲ್ಲ ರಕ್ತದೊಳಗಿನ ಮಾತು ಎಂದು ಎರಡನೇ ಪುಟದಲ್ಲಿತ್ತು. ಆದರೆ ನಮ್ಮ ಕಚೇರಿಯಲ್ಲಿ ಪತ್ರದ ಕೊನೇ ಸಾಲು ಓದುವ ಪದ್ಧತಿ. ಕ್ರಮ ಆಗಬೇಕಾದದ್ದು ಅಲ್ಲಿಯೇ ಇರುತ್ತದೆ. ಕೊನೇ ಸಾಲು ಹೀಗಿತ್ತು: ತಮ್ಮ ವ್ಯಾಪ್ತಿಯಲ್ಲಿನ ಟೀ-ಸೆಲ್, ಬಿ-ಸೆಲ್ ಮತ್ತು ಮೆಮರಿ ಸೆಲ್‌ಗಳ ಬಲ ತಿಳಿಸುವುದು.

ನಮ್ಮ ಉಪನಿರ್ದೇಶಕರಾದ ಜೈಪಾಲ ಸಾಹೇಬರು ಆ ಸಾಲನ್ನು ಎರಡು ಸಲ ಓದಿದರು.

"ಸಂಜೀವ್, ನಮ್ಮಲ್ಲಿ ಸೆಲ್ ಎಷ್ಟವರಿ?"

"ಮಹಿಳಾ ಸೆಲ್ ಒಂದ್ ಅದರಿ, ತಕರಾರು ಸೆಲ್ ಒಂದ್ ಅದರಿ. ಟೀ-ಸೆಲ್ ಇಲ್ರಿ."

"ಟೀ ಅಂದ್ರ ಏನ್ರಿ?"

ಆ ವರ್ಷ ಪ್ರತ್ಯೇಕ ರಾಜ್ಯದ ಚಳವಳಿ ಜೋರಾಗಿ, ಊರ ತುಂಬ ಟೀ ಅಕ್ಷರವೇ ಇತ್ತು. ಗಾಡಿಗಳ ನಂಬರಿನಲ್ಲಿ ಎಪಿ ಅಳಿಸಿ ಟಿಜಿ ಬರೆಸಿದ್ದರು. ಪಕ್ಷಗಳ ಹೆಸರಿನ ಮುಂದೆ ಟೀ, ಸಂಘಗಳ ಹೆಸರಿನ ಮುಂದೆ ಟೀ. "ಈಗಿನ ಹವಾದಾಗ ಟೀ ಅಂದ್ರ ಒಂದೇ ಅದರಿ ಸಾಹೇಬ್ರ," ಎಂದೆ.

"ಮತ್ತ ಬಿ?"

"ಬೀದರ್ ಇರಬೇಕ್ರಿ. ಗಡಿ ಭಾಗ ಅಲ್ರಿ ನಮ್ದು."

ಸಾಹೇಬರಿಗೆ ಒಪ್ಪಿಗೆಯಾಯಿತು. "ಮೂರೂ ಸೊನ್ನಿ ಅಂತ ಬರದ್ರ ನಮ್ಮ ಮರ್ಯಾದಿ ಏನ್ ಉಳೀತದ? ಹುದ್ದೆ ಕೇಳ್ರಿ," ಎಂದರು. ಕೇಳಿದೆವು. ಟೀ ಎಂದು ಬರೆದಿದ್ದ ಕಾಗದವನ್ನು ತಡೆದರೆ ಬಾಗಿಲ ಮುಂದೆ ಧರಣಿ ಕೂಡುತ್ತಾರೆಂದು ಮೇಲಿನವರಿಗೆ ಅಂಜಿಕೆ. ಮೂರೇ ವಾರದಲ್ಲಿ ಮಂಜೂರಾತಿ ಬಂತು. ಟೀ-ಸೆಲ್‌ಗೆ ಹನ್ನೊಂದು ಹುದ್ದೆ: ಅಧೀಕ್ಷಕ ಒಬ್ಬ, ಹೆಲ್ಪರ್ ಎಂಟು, ಕಿಲ್ಲರ್ ಎರಡು. ಅಧೀಕ್ಷಕ ನಾನಾದೆ. ಹೆಲ್ಪರುಗಳು ಸಾಹೇಬರ ಊರಿನವರು. ಒಂದು ಕಿಲ್ಲರ್ ಹುದ್ದೆಗೆ ಸಾಹೇಬರ ಹೆಂಡತಿಯ ತಮ್ಮ ಕ್ರಾಂತಿಕುಮಾರ ಆಯ್ಕೆಯಾದ. ಎರಡನೆಯದು ಇನ್ನೊಬ್ಬ ತಮ್ಮ ದೊಡ್ಡವನಾಗಲಿ ಎಂದು ಖಾಲಿ ಇದೆ.

ನಾರಾಯಣಖೇಡದ ಮೆಮರಿ ಸೆಲ್‌ಗೆ ನಿವೃತ್ತ ಜವಾನ ತುಳಜಪ್ಪನನ್ನು ತೆಗೆದುಕೊಂಡೆವು. 1969ರ ಚಳವಳಿಯಿಂದ ಈಚೆಗೆ ಯಾವ ಸಾಹೇಬ ಯಾವ ಕುರ್ಚಿಯಲ್ಲಿ ಕೂತಿದ್ದ, ಯಾರು ಯಾರಿಗೆ ಏನೆಂದು ಬೈದಿದ್ದ, ಎಲ್ಲ ಆತನಿಗೆ ಬಾಯಿಪಾಠ. ಹಂತಹಂತವಾಗಿ ಕಲಿಸಬೇಕು ಎಂದಿತ್ತಲ್ಲ, ತಾಂಡೂರಿನ ಬಿ-ಸೆಲ್ ಸಿಬ್ಬಂದಿಯನ್ನು ಮೊದಲ ತರಬೇತಿಗೆ ಜಹೀರಾಬಾದಿಗೂ, ಎರಡನೆಯದಕ್ಕೆ ನಾರಾಯಣಖೇಡಕ್ಕೂ, ಮೂರನೆಯದಕ್ಕೆ ವಾಪಸ್ ತಾಂಡೂರಿಗೂ ಕಳಿಸಿದೆವು. ಮೂರೂ ಕಡೆ ಊಟದ ವ್ಯವಸ್ಥೆ ಚೆನ್ನಾಗಿತ್ತೆಂದು ಅವರು ವರದಿ ಕೊಟ್ಟರು. ವೈರಸ್ ಲಕೋಟೆ ಬದಲಿಸುತ್ತದೆ ಎಂಬ ಅಂಶವನ್ನೂ ನಾವು ಕಡೆಗಣಿಸಲಿಲ್ಲ. ಇನ್ನು ಮುಂದೆ ಟೀ-ಸೆಲ್‌ಗೆ ಬರುವ ಎಲ್ಲ ಕಾಗದಗಳೂ ಖಾಕಿ ಲಕೋಟೆಯಲ್ಲಿಯೇ ಬರತಕ್ಕದ್ದು, ಲಕೋಟೆ ಬದಲಿಸಿದವರ ಕಾಗದ ಸ್ವೀಕರಿಸತಕ್ಕದ್ದಲ್ಲ ಎಂದು ಸುತ್ತೋಲೆ ಹೊರಡಿಸಿದೆವು. ಕರಡು ನನ್ನದೇ.

ನಡುವೆ ಒಂದು ತೊಡಕು ಬಂತು. ಬಾಗಿಲ ಮೇಲೆ 'ಕಿಲ್ಲರ್ ಟೀ-ಸೆಲ್' ಎಂಬ ಬೋರ್ಡು ಕಂಡು ಪೊಲೀಸ್ ಇನ್ಸ್‌ಪೆಕ್ಟರು ಜೀಪು ನಿಲ್ಲಿಸಿ ಮೇಲೆ ಬಂದರು. ಚಳವಳಿಯ ಕಾಲ, ಅವರದೂ ತಪ್ಪಲ್ಲ.

"ಇಲ್ಲಿ ಕಿಲ್ಲರ್ ಯಾರ್ರಿ?"

ಕ್ರಾಂತಿಕುಮಾರ ಪೇಪರ್ ಓದುತ್ತಿದ್ದವನು ಎದ್ದು ನಿಂತ. "ನಾನೇ ರಿ. ಇನ್ನ ಯಾರ್ನೂ ಕೊಂದಿಲ್ರಿ. ಎರಡ್ ವರ್ಷ ಪ್ರೊಬೇಷನ್ ಅದರಿ."

ಇನ್ಸ್‌ಪೆಕ್ಟರು ನೇಮಕಾತಿ ಆದೇಶ ನೋಡಿದರು, ಅದರ ಕೆಳಗಿನ ಶಿಕ್ಕಾ ಮೊಹರು ನೋಡಿದರು, ಸರಿ ಇದೆ ಎಂದರು. ಶಿಕ್ಕಾ ಇದ್ದ ಮೇಲೆ ಪೊಲೀಸಿನವರಾದರೂ ಏನು ಮಾಡಿಯಾರು? ಬೋರ್ಡಿಗೆ 'ಶಾಂತಿಯುತ' ಎಂಬ ಶಬ್ದವೊಂದನ್ನು ಸೇರಿಸಲು ಸಲಹೆ ಕೊಟ್ಟು, ಚಹಾ ಕುಡಿದು ಹೋದರು. ಶಾಂತಿಯುತ ಕಿಲ್ಲರ್ ಟೀ-ಸೆಲ್ ಎಂಬ ಬೋರ್ಡು ಈಗಲೂ ಇದೆ.

ಇಷ್ಟಾದ ಮೇಲೆ ಟೀ-ಸೆಲ್‌ಗೆ ಕೆಲಸ ಬೇಕಲ್ಲ. ಟೀ-ಸೆಲ್ ಎಂಬ ಶಬ್ದ ಇರುವ ಯಾವುದೇ ಕಾಗದ ಇದ್ದರೂ ಅದಕ್ಕೆ ನಮ್ಮ ಶಿಕ್ಕಾ ಬೀಳದೆ ಮುಂದೆ ಹೋಗಕೂಡದು ಎಂದು ಸಾಹೇಬರು ಮೇಲಿನಿಂದ ಆದೇಶ ತಂದರು. ಹೀಗೆ ನಮ್ಮಲ್ಲಿಗೆ ಮೈಸಮ್ಮ ಬಂದಳು.

ಏಪ್ರಿಲ್ ತಿಂಗಳು. ಕೊಹೀರಿನಾಕೆ, ಆಲೂಗಡ್ಡೆ ಹೊಲಗಳಲ್ಲಿ ಕೂಲಿ. ಮೆಟ್ಟಿಲು ಹತ್ತಿ ಬಂದು ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಕೈಯಲ್ಲಿ ದವಾಖಾನೆಯ ಚೀಟಿ ಇತ್ತು: ಟೀ-ಸೆಲ್ 212. ಆ ಎಣಿಕೆ ಮುನ್ನೂರೈವತ್ತಕ್ಕಿಂತ ಕೆಳಗೆ ಬಂದವರಿಗೆ ಸರಕಾರ ಪುಕ್ಕಟೆ ಗುಳಿಗೆ ಶುರು ಮಾಡುತ್ತದೆ, ಜೀವ ಇರುವ ತನಕ ಕೊಡುತ್ತದೆ. ಅದಕ್ಕೆ ಆಕೆಗೆ ಬೇಕಾದದ್ದು ನಮ್ಮ ಶಿಕ್ಕಾ ಒಂದೇ.

"ಲಕೋಟಿ ಎಲ್ಲಿ?" ಎಂದೆ.

"ಲಕೋಟಿ ಎದಕ್ರಿ? ಕೈಯಾಗೇ ತಂದೀನಿ."

ಆಕೆ ಕೆಳಗೆ ಹೋಗಿ ಖಾಕಿ ಲಕೋಟೆ ಕೊಂಡು, ಮತ್ತೆ ಮೆಟ್ಟಿಲು ಹತ್ತಿ, ಮತ್ತೆ ಗೋಡೆ ಹಿಡಿದು ನಿಂತಳು. ನಾನು ನಮೂನೆ ತೆಗೆದೆ. ಹೆಸರು, ಊರು, ಈಗಿರುವ ಟೀ-ಸೆಲ್ ಬಲ. ನಾಲ್ಕನೇ ಕಾಲಮಿನಲ್ಲಿ ಟೀ-ಸೆಲ್ ಬೇಕಾಗಿರುವ ಕಾರಣ ಬರೆಯಬೇಕು.

"ಕಾರಣ ಏನು?"

ಆಕೆ ನನ್ನ ಮುಖ ನೋಡಿದಳು. "ಬದಕಾಕ್ರಿ."

ಹಿಂದಿನ ಮೇಜಿನಿಂದ ಸಾಹೇಬರು, "ವೈಯಕ್ತಿಕ ಕಾರಣ ಅಂತ ಬರೀರಿ," ಎಂದರು. ಬರೆದೆ. ಆಮೇಲೆ ಸಂಖ್ಯೆ ಕಂಡು ಅವರೇ ಎದ್ದು ಬಂದರು.

"ಇನ್ನೂರಾ ಹನ್ನೆರಡು? ಏನವಾ, ಇಡೀ ಜಹೀರಾಬಾದಿಗೆ ಸರಕಾರ ಕೊಟ್ಟದ್ದು ಹನ್ನೊಂದು. ನೀ ಒಬ್ಬಾಕಿ ಇನ್ನೂರಾ ಹನ್ನೆರಡು ಟೀ-ಸೆಲ್ ಇಟಗೊಂಡು ತಿರಗತಿ? ಯಾರ್ ಮಂಜೂರ್ ಮಾಡ್ಯಾರ?"

"ದೇವ್ರ ಕೊಟ್ಟಾನ್ರಿ. ಡಾಕ್ಟರ್ ಸಾಹೇಬ್ರು ಕಮ್ಮಿ ಆಗ್ಯಾವ ಅಂತಾರ್ರಿ."

"ಕಮ್ಮಿ ಆಗ್ಯಾವ? ಇನ್ನೂ ಕಮ್ಮಿ ಆಗಬೇಕು."

ಹೆಚ್ಚುವರಿ 201, ಮಂಜೂರಾದ ಬಲಕ್ಕೆ ಇಳಿದ ನಂತರ ಅರ್ಜಿಯನ್ನು ಪರಿಶೀಲಿಸಲಾಗುವುದು ಎಂದು ಷರಾ ಬರೆದು ಚೀಟಿ ವಾಪಸ್ ಕೊಟ್ಟೆ. ಓದಲು ಬರದ ಆಕೆ ಅದನ್ನು ಜೋಪಾನವಾಗಿ ಲಕೋಟೆಗೆ ಹಾಕಿಕೊಂಡಳು. ಸೀಲಾಗಿದೆ ಎಂದು ತಿಳಿದಿರಬೇಕು.

ಮಾರನೇ ದಿನವೇ ದವಾಖಾನೆಯಲ್ಲಿ ಸಲಹೆ ಹೇಳುವ ಶಿಲ್ಪಾರಾಣಿ ಎಂಬಾಕೆ ಅದೇ ಚೀಟಿ ಹಿಡಿದು ಬಂದಳು. ಸಣ್ಣ ವಯಸ್ಸು, ಸಿಟ್ಟು ಮೂಗಿನ ಮೇಲೆ. ಟೀ-ಸೆಲ್ ಅಂದರೆ ನೌಕರರಲ್ಲ, ರಕ್ತದಲ್ಲಿನ ಬಿಳಿ ಕಣ. ಎಚ್‌ಐವಿ ಅವನ್ನೇ ಹುಡುಕಿ ಕೊಲ್ಲುತ್ತದೆ. ಅವು ಕಮ್ಮಿಯಾದರೆ ಸಣ್ಣ ಕೆಮ್ಮು ಬಂದರೂ ಜೀವ ಹೋಗುತ್ತದೆ. ಹೊಸ ಲಸಿಕೆ ಮಾಡುವವರು ಒದ್ದಾಡುತ್ತಿರುವುದೇ ಈ ಕಣಗಳಿಗೆ ಮೊದಲೇ ಪಾಠ ಕಲಿಸುವುದಕ್ಕೆ ಎಂದು ಸಾಹೇಬರ ಮೇಜಿನ ಮೇಲಿದ್ದ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದಳು. ಸಾಹೇಬರು ಸಾವಧಾನವಾಗಿ ಕೇಳಿದರು. ಅವರು ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಈಗ ತಿಳೀತು ನೋಡ್ರಿ ತಂಗಿ. ಪೂರಾ ತಿಳೀತು," ಎಂದರು.

"ಹಂಗಾರ ಶಿಕ್ಕಾ ಹೊಡೀರಿ ಸರ್."

"ಅದ್ ಹ್ಯಾಂಗ್ ಆಗ್ತದ್ರಿ? ಕುರ್ಚಿ ಬಂದಾವಲ್ರಿ."

ಶಿಲ್ಪಾರಾಣಿ ಸುತ್ತಲೂ ನೋಡಿದಳು. ಹನ್ನೊಂದು ಹೊಸ ಕುರ್ಚಿ, ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. "ಟೀ-ಸೆಲ್ ರಕ್ತದಾಗ ಇರ್ತಾವಂತ ಬರದ್ರ ಈ ಮಂದಿ ಎಲ್ಲಿ ಹೋಗ್ಬೇಕ್ರಿ? ಅವರಿಗೂ ಹೆಂಡ್ರು ಮಕ್ಕಳು ಅದಾರ," ಎಂದು ಸಾಹೇಬರು ಬಹಳ ಮೆತ್ತಗೆ ಹೇಳಿದರು. ಆಕೆ ಚಿತ್ರ ಬರೆದ ಕಾಗದ ಮಡಚಿಕೊಂಡು ಹೋದಳು. ನನಗೂ ಅವತ್ತು ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕುರ್ಚಿಗಳಲ್ಲಿ ಒಂದು ನನ್ನದಾಗಿತ್ತು, ಕೈ ಇರುವ ಕುರ್ಚಿ.

ಜುಲೈನಲ್ಲಿ ಮೈಸಮ್ಮ ಹೊಸ ಚೀಟಿ ತಂದಳು: 148. ಸಾಹೇಬರು ಖುಷಿಪಟ್ಟರು. "ಶಾಬಾಸ್, ಅರವತ್ನಾಲ್ಕು ಕಮ್ಮಿ ಮಾಡೀದಿ. ಹಿಂಗೇ ನಡಸು," ಎಂದರು. ಆಕೆಯ ಕುಪ್ಪಸದ ತೋಳು ಜೋಲುತ್ತಿತ್ತು. "ಏನ್ ನಡಸ್ಲಿರಿ, ಹೊಲಕ್ಕ ಹೋಗಾಕ್ ಆಗವಲ್ದು," ಎಂದಳು. ಹೆಚ್ಚುವರಿ 137 ಎಂದು ಷರಾ ಬರೆದೆ.

ಅದೇ ಸಾಲಿನಲ್ಲಿ ಪೆದ್ದೆಮುಲ್‌ನ ಸಾಯಮ್ಮನೂ ಇದ್ದಳು. ಆಕೆಯದು 90. ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಬಾಟಲಿಯ ನೀರು ಕುಡಿಯುತ್ತ, ನಿನ್ನವು ಎಷ್ಟು, ನನ್ನವು ಎಷ್ಟು ಎಂದು ಮಾತಾಡಿಕೊಳ್ಳುತ್ತಿದ್ದರು. ಸಾಯಮ್ಮನ ಕೆಲಸ ತನ್ನದಕ್ಕಿಂತ ಜಲ್ದಿ ಆಗುತ್ತದೆ ಎಂದು ಮೈಸಮ್ಮನಿಗೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದಂತಿತ್ತು.

ಸೆಪ್ಟೆಂಬರಿನಲ್ಲಿ ಪ್ರತ್ಯೇಕ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಶುರುವಾಯಿತು. ಬಸ್ಸು ನಿಂತವು, ಶಾಲೆ ಮುಚ್ಚಿದವು, ಕಚೇರಿಗಳಿಗೆ ಬೀಗ ಬಿತ್ತು. ಟೀ-ಸೆಲ್ ಹೆಸರಿನಲ್ಲೇ ಟೀ ಇರುವಾಗ ನಾವು ಹಿಂದೆ ಉಳಿಯುವುದುಂಟೇ? ಮೊದಲ ದಿನವೇ ಕೆಳಗೆ ಶಾಮಿಯಾನಾ ಹಾಕಿ, ರಸ್ತೆಯ ಮೇಲೆ ಒಲೆ ಹೂಡಿ, ಚಳವಳಿಯ ಪದ್ಧತಿಯಂತೆ ಅಲ್ಲಿಯೇ ಅಡುಗೆ ಮಾಡಿ ಉಂಡೆವು. ಬೇಡಿಕೆ ನ್ಯಾಯದ್ದು, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಮೈಸಮ್ಮ ಕೊಹೀರಿನಿಂದ ಯಾರದೋ ಟ್ರ್ಯಾಕ್ಟರ್ ಹಿಡಿದು ಬಂದಳು.

"ದವಾಖಾನ್ಯಾಗ ಹೇಳ್ಯಾರ್ರಿ, ನಿನ್ನ ಟೀ-ಸೆಲ್ ಕೆಲಸ ಮಾಡವಲ್ಲವು ಅಂತ," ಎಂದಳು.

"ಖರೇನೇ ಹೇಳ್ಯಾರಕ್ಕಾ," ಎಂದ ಕ್ರಾಂತಿಕುಮಾರ, ಅನ್ನದ ಗಂಜಿ ಬಸಿಯುತ್ತ. "ರಾಜ್ಯ ಬರೋತನಾ ಮಾಡಂಗಿಲ್ಲ."

ಆಕೆ ಅಲ್ಲಿಯೇ ನೆರಳಲ್ಲಿ ಕೂತಳು. ಊಟಕ್ಕೆ ಕರೆದರೆ ಬಾಯಿ ಹುಣ್ಣಾಗಿದೆ, ನುಂಗಲು ಆಗುವುದಿಲ್ಲ ಎಂದಳು. ಹೋಗುವಾಗ ಗೋಡೆಯ ಬೋರ್ಡಿನ ಕಡೆ ಕೈ ಮಾಡಿ ಅದರ ಮೇಲೆ ಏನೇನು ಬರೆದಿದೆ ಎಂದು ನನ್ನನ್ನು ಕೇಳಿದಳು. ಟೀ-ಸೆಲ್ ಜಹೀರಾಬಾದ್, ಮೆಮರಿ ಸೆಲ್ ನಾರಾಯಣಖೇಡ್, ಬಿ-ಸೆಲ್ ತಾಂಡೂರ್ ಎಂದು ಓದಿ ಹೇಳಿದೆ.

"ಬಿ ಅಂದ್ರ ಏನ್ರಿ?"

"ಬೀದರ್."

"ಬೀದರ್," ಎಂದಳು. "ನಮ್ಮಕ್ಕ ಎಲ್ಲಮ್ಮ ಅಲ್ಲೇ ಅದಾಳ್ರಿ." ಅಷ್ಟೇ ಮಾತು.

ಮುಷ್ಕರ ಮುಗಿದು ನವೆಂಬರ್ ಬಂದಾಗ ಮೈಸಮ್ಮನ ಚೀಟಿ 96ಕ್ಕೆ ಇಳಿದಿತ್ತು. ಹೆಚ್ಚುವರಿ 85 ಎಂದು ಷರಾ ಬರೆದೆ. ಅದಾದ ಮೇಲೆ ಆಕೆ ಬರಲಿಲ್ಲ. ಮೂರು ಜ್ಞಾಪನಾಪತ್ರ ಕಳಿಸಿದೆವು, ಮನೆಗೆ ಬೀಗ, ಬಾಗಿಲ ಸಂದಿಯಲ್ಲಿ ಹಾಕಿದೆ ಎಂದು ಅಂಚೆಯವನು ಹೇಳಿದ. ಸಾಯಮ್ಮ ಮಾತ್ರ ನಿಯಮ ತಪ್ಪಲಿಲ್ಲ. 2012ರ ಫೆಬ್ರವರಿಯಲ್ಲಿ ತಂಗಿಯ ಹೆಗಲ ಮೇಲೆ ಕೈ ಹಾಕಿ ಬಂದಳು. ಚೀಟಿಯಲ್ಲಿ ಬರೋಬ್ಬರಿ 11. ಸಾಹೇಬರು ಎದ್ದು ನಿಂತು ತಮ್ಮ ಕೈಯಾರೆ ಶಿಕ್ಕಾ ಹೊಡೆದರು. "ನೋಡ್ರಿ, ಮಂಜೂರಾತಿಗೆ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ," ಎಂದರು. ಹೆಲ್ಪರುಗಳು ಚಪ್ಪಾಳೆ ತಟ್ಟಿದರು. ಆಕೆ ಮೆಟ್ಟಿಲು ಇಳಿಯಲಾರದೆ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದಳು. ಗುಳಿಗೆ ಶುರುವಾದ ಆರನೇ ದಿನ ಅರ್ಜಿದಾರರು ಇನ್ನಿಲ್ಲ ಎಂದು ದವಾಖಾನೆಯಿಂದ ಕಾಗದ ಬಂತು, ಖಾಕಿ ಲಕೋಟೆಯಲ್ಲಿಯೇ. ನಾನು ಅವತ್ತು ಊಟ ಮಾಡಲಿಲ್ಲ. ಕಡತ ಮುಕ್ತಾಯ ಎಂದು ಬರೆಯುವಾಗ ಅಕ್ಷರ ಸೊಟ್ಟಗಾಯಿತು, ಇನ್ನೊಂದು ಹಾಳೆ ತೆಗೆದುಕೊಂಡು ಸರಿಯಾಗಿ ಬರೆದೆ.

ವರ್ಷದ ಕೊನೆಗೆ ಸಂಶೋಧನಾ ಸಂಸ್ಥೆಗೆ ವರದಿ ಹೋಯಿತು: ವ್ಯಾಪ್ತಿಯಲ್ಲಿನ ಟೀ-ಸೆಲ್ ಬಲ ಹನ್ನೊಂದು, ಸ್ಥಿರ. ಬಿ-ಸೆಲ್ ಹಂತಹಂತವಾಗಿ ತರಬೇತಿ ಪಡೆದಿದೆ. ಮೆಮರಿ ಸೆಲ್ ಎಲ್ಲ ನೆನಪಿಟ್ಟಿದೆ. ಲಕೋಟೆ ಬದಲಾಗಿಲ್ಲ. ಅಲ್ಲಿಯೂ ಕೊನೇ ಸಾಲು ಓದುವ ಪದ್ಧತಿ ಇರಬೇಕು, ಲಕೋಟೆ ಬದಲಾಗದಂತೆ ತಡೆದ ಮೊದಲ ಪ್ರದೇಶ ಎಂದು ಸಾಹೇಬರಿಗೆ ಅಭಿನಂದನಾ ಪತ್ರ ಬಂತು. ಅದಕ್ಕೆ 'ಜಹೀರಾಬಾದ್ ವಿಧಾನ' ಎಂದು ಹೆಸರೂ ಇಟ್ಟಿದ್ದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. ಸಾಯಮ್ಮನ ಕಡತದ ಮೊದಲ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ 'ಮಾದರಿ ಕಡತ' ಎಂದು ಗೋಡೆಗೆ ತೂಗು ಹಾಕಿದೆವು. ಲಸಿಕೆ ಇನ್ನೂ ಬಂದಿಲ್ಲ, ಬಂದರೆ ಇಡಲು ಜಾಗ ಮಾಡಿಟ್ಟಿದ್ದೇವೆ.

2014ರ ಜೂನ್‌ನಲ್ಲಿ ರಾಜ್ಯ ಬಂತು. ಪಟಾಕಿ ಹೊಡೆದೆವು, ಗುಲಾಲು ಎರಚಿದೆವು, ನಾನೂ ಕುಣಿದೆ. ಅದಾದ ಹತ್ತನೇ ದಿನ ಮೆಟ್ಟಿಲ ಮೇಲೆ ದಡದಡ ಸಪ್ಪಳವಾಯಿತು. ಮೈಸಮ್ಮ. ಗೋಡೆ ಹಿಡಿಯದೆ ನೆಟ್ಟಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಮೈ ತುಂಬಿಕೊಂಡಿದ್ದಳು. ಮನೆಗೆ ವಾಪಸ್ ಬಂದಿದ್ದೇನೆ, ನಿಮ್ಮ ಕಾಗದಗಳು ಬಾಗಿಲ ಸಂದಿಯಲ್ಲಿ ಬಿದ್ದಿದ್ದವು ಎಂದು ಖಾಕಿ ಲಕೋಟೆ ಕೊಟ್ಟಳು. ಒಳಗೆ ಚೀಟಿ: ಟೀ-ಸೆಲ್ 543.

"ಇಷ್ಟು ಎಲ್ಲಿಂದ ತಂದಿ ಯವ್ವಾ?"

"ನಿಮ್ಮ ಬೋರ್ಡ್ ನೋಡೇ ಹೋದ್ನಿರಿ. ಅಕ್ಕನ ಮನ್ಯಾಗ ಇದ್ದು, ಬೀದರ್ ದವಾಖಾನ್ಯಾಗ ಗುಳಿಗಿ ತಗೊಂಡೆ. ಅಲ್ಲಿ ಯಾರೂ ಲಕೋಟಿ ಕೇಳ್ಲಿಲ್ರಿ."

ಬಿ-ಸೆಲ್ ಸ್ಪಂದಿಸಿದೆ ಎಂದು ಮೊದಲು ಟಿಪ್ಪಣಿ ಬರೆದೆ. ಆದರೆ ನಿಯಮ ನಿಯಮವೇ. ಮಂಜೂರಾತಿ ಇಲ್ಲದೆ, ಪ್ರಕಟಣೆ ಇಲ್ಲದೆ, ಮೀಸಲಾತಿ ಪಟ್ಟಿ ಇಲ್ಲದೆ, ಅದೂ ಪರರಾಜ್ಯದಲ್ಲಿ 532 ಹೆಚ್ಚುವರಿ ಟೀ-ಸೆಲ್‌ಗಳನ್ನು ನೇಮಿಸಿಕೊಂಡಿದ್ದಕ್ಕೆ ಕಾರಣ ಕೇಳಿ ಅಲ್ಲಿಯೇ ನೋಟಿಸು ಕೊಟ್ಟೆ, ಓದಿ ಹೇಳಿದೆ. ಆಕೆ ಬಾಯಿಂದ ಉತ್ತರ ಹೇಳಿದಳು. ಮೂರು ವರ್ಷದ ಹಿಂದಿನ ಉತ್ತರವೇ. ವೈಯಕ್ತಿಕ ಕಾರಣ ಎಂದು ಬರೆದುಕೊಂಡೆ.

ಆಗ ಆಕೆ ಗೋಡೆಯ ಮೇಲಿನ ಕಟ್ಟು ನೋಡಿದಳು. ಓದಲು ಬರದಿದ್ದರೂ ಅದರಲ್ಲಿ ಅಂಟಿಸಿದ ಫೋಟೋ ಗುರುತಾಯಿತು.

"ಪೆದ್ದೆಮುಲ್ ಸಾಯಮ್ಮ ಅಲ್ರಿ? ಆಕೀದು ಕೆಲಸ ಆತೇನ್ರಿ?"

"ಆತು. ಒಂದೂ ಆಕ್ಷೇಪಣಿ ಇಲ್ದ ಆತು. ಕಡತ ಮುಗದದ."

ಮೈಸಮ್ಮ ಹತ್ತಿರ ಹೋಗಿ ಆ ಫೋಟೋ ಮುಟ್ಟಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಮೇಜಿನ ಮೇಲಿದ್ದ ತನ್ನ ಕಡತದ ಮೇಲೆ ಕೈ ಊರಿದಳು.

"ಸಾಹೇಬ್ರ, ನಂದು ಮುಗಸಬ್ಯಾಡ್ರಿ. ಬಾಕಿ ಇಡ್ರಿ."

ಆರಾರು ತಿಂಗಳಿಗೊಮ್ಮೆ ಬಂದು ಹೆಬ್ಬೆಟ್ಟು ಒತ್ತುವ ಷರತ್ತಿನ ಮೇಲೆ, ಮುಂದಿನ ಆದೇಶದ ತನಕ ಹೆಚ್ಚುವರಿ ಟೀ-ಸೆಲ್‌ಗಳನ್ನು ಸ್ವಂತ ಜವಾಬ್ದಾರಿಯಲ್ಲಿ ಇಟ್ಟುಕೊಳ್ಳಲು ಅನುಮತಿಸಿದೆ ಎಂದು ಬರೆದೆ. ಈಗಿನ ಸಾಹೇಬರು ಕೊನೇ ಸಾಲು ಓದಿ ಸಹಿ ಹಾಕಿದರು. ಆಕೆ ತಪ್ಪದೆ ಬರುತ್ತಾಳೆ, ಹೆಬ್ಬೆಟ್ಟು ಒತ್ತುತ್ತಾಳೆ, ಚಹಾ ಕುಡಿದು ಹೋಗುತ್ತಾಳೆ. ಮೂವತ್ತು ವರ್ಷದ ನೌಕರಿಯಲ್ಲಿ ಕಡತ ಬಾಕಿ ಇಡಿರೆಂದು ನನ್ನನ್ನು ಬೇಡಿಕೊಂಡವಳು ಆಕೆಯೊಬ್ಬಳೇ. ಆ ಕೆಲಸ ನಮಗೆ ಚೆನ್ನಾಗಿ ಬರುತ್ತದೆ. ಇಟ್ಟಿದ್ದೇನೆ.